ಮರದ ಮೇಲಿಂದ ಮಾವನಿಗೆ ಕೂಗಿದ್ದು

ಕೊರೊನಾದ ಗಲಾಟೆ ಎಲ್ಲ ತಣ್ಣಗಾಗಿ ಒಂದೆರಡು ವರ್ಷವಾಗಿತ್ತು. ಕದ್ರಿಯಲ್ಲಿರುವ ನನ್ನ ಸೋದರಮಾವನ ಮಗಳು ದೀಕ್ಷಾಳ ಮದುವೆಗೆಂದು ರಜೆ ಹಾಕಿ ಇಂಗ್ಲೆಂಡಿನಿಂದ ಮಂಗಳೂರಿಗೆ ಬಂದಿದ್ದೆ. ಆ ಮದುವೆಯ ಊಟಕ್ಕೆ ಏನೇನಿತ್ತು ಎಂದು ಕೇಳಿದರೆ ಈಗ ಹೇಳಲಾರೆ. ಆದರೆ ಅದಕ್ಕೆ ಮೊದಲಿನ ಭಾನುವಾರ ಬೆಳಗ್ಗೆ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ನನ್ನ ಹೆಂಡತಿ ಶ್ರುತಿ ನರ್ಸ್. ಅವಳಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಅವಳ ಹಿಂದೆ ಹೋದವನು ನಾನು. ಅಲ್ಲಿಯವರೆಗೆ ಕದ್ರಿಯ ಮಾವನ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೆ. ಇಂಗ್ಲೆಂಡಿಗೆ ಹೋಗಿ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಬೇಸರ ಬಂದಿತ್ತು. ಒಂದು ದಿನ ನಮ್ಮ ಬೀದಿಯಲ್ಲಿ ಇಬ್ಬರು ಹಗ್ಗಕ್ಕೆ ನೇತುಬಿದ್ದು ದೊಡ್ಡ ಮರವೊಂದರ ಒಣಕೊಂಬೆಗಳನ್ನು ಇಳಿಸುವುದನ್ನು ನೋಡಿದೆ. ಬಸ್ಸು ತಪ್ಪಿಸಿಕೊಂಡು ನೋಡುತ್ತಾ ನಿಂತೆ. ರೋಗ ಬಂದ ಕೊಂಬೆ ತೆಗೆಯುವುದು, ಮನೆಯ ಮೇಲೆ ಬಾಗಿದ್ದನ್ನು ಸವರುವುದು ಅಲ್ಲಿ ಮರ್ಯಾದೆಯ ಕಸುಬು. ಆದರೆ ಬೇಕೆಂದವರು ಬೇಕಾದ ಹಾಗೆ ಹತ್ತುವಂತಿಲ್ಲ. ಹಗ್ಗದಲ್ಲಿ ಹತ್ತಲಿಕ್ಕೆ ತರಬೇತಿ, ಮರದ ಮೇಲೆ ಗರಗಸದ ಯಂತ್ರ ಹಿಡಿಯಲಿಕ್ಕೆ ತರಬೇತಿ, ಗಾಯವಾದವನನ್ನು ಇಳಿಸಲಿಕ್ಕೂ ತರಬೇತಿ. ಎಲ್ಲದಕ್ಕೂ ಪರೀಕ್ಷೆ.

ನಾನು ಆ ತರಬೇತಿಗೆ ಸೇರಿದ ಸುದ್ದಿ ಕೇಳಿ ಮಾವ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದರು. "ಮರ ಹತ್ತಲಿಕ್ಕೆ ಇಂಗ್ಲೆಂಡಿಗೆ ಹೋಗ್ಬೇಕಿತ್ತಾ ಮಾರಾಯ? ಇಲ್ಲಿ ನಮ್ಮ ತೆಂಗಿನ ಮರ ಎಂತ ಪಾಪ ಮಾಡಿತ್ತು?" ಎಂದರು. ನಾನೂ ನಕ್ಕೆ. ಅವರು ನಕ್ಕರೆ ನನಗೆ ಸಿಟ್ಟು ಬರುತ್ತಿರಲಿಲ್ಲ.

ಮೊದಲ ಪರೀಕ್ಷೆಯಲ್ಲಿ ನಾನು ಫೇಲಾದೆ. ಹತ್ತಿದ್ದು ಸರಿಯಿತ್ತು, ಕತ್ತರಿಸಿದ್ದೂ ಸರಿಯಿತ್ತು. ಫೇಲಾದದ್ದು ಬಾಯಲ್ಲಿ. ಕೊಂಬೆ ಬೀಳಿಸುವ ಮೊದಲು ಮೇಲಿದ್ದವನು ಗಂಟಲು ಹರಿಯುವ ಹಾಗೆ ಕೂಗಿ ಕೆಳಗಿನವರನ್ನು ದೂರ ಕಳಿಸಬೇಕು. ಕೆಳಗಿನವನು ಉತ್ತರ ಕೊಡುವವರೆಗೆ ಕೈ ಆಡಿಸಬಾರದು. ಅಂದು ಕೆಳಗೆ ನಿಂತಿದ್ದವರು ತಲೆಗೂದಲು ಪೂರ್ತಿ ಬಿಳಿಯಾದ ಒಬ್ಬ ಹಿರಿಯರು. ಅಷ್ಟು ವಯಸ್ಸಾದವರಿಗೆ ನಾನು ಅಬ್ಬರಿಸುವುದು ಹೇಗೆ? "ಸರ್, ದಯವಿಟ್ಟು ಸ್ವಲ್ಪ ಆ ಕಡೆ ಹೋಗ್ತೀರಾ?" ಎಂದು ಮೆತ್ತಗೆ ಕೇಳಿದೆ. ಗಾಳಿಯಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. ಪರೀಕ್ಷೆ ಮಾಡುವವರು ಅಲ್ಲಿಗೇ ನಿಲ್ಲಿಸಿ ನನ್ನನ್ನು ಇಳಿಸಿದರು. "ನಿನ್ನ ವಿನಯ ಒಬ್ಬರ ತಲೆ ಒಡೆಯುತ್ತದೆ," ಎಂದು ಮುಖಕ್ಕೇ ಹೇಳಿದರು.

ಇದು ಅವರಿಗೆ ಅರ್ಥವಾಗುವ ವಿಷಯವಲ್ಲ. ನಮ್ಮದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನ. ಅಮ್ಮನ ಅಣ್ಣನೆಂದರೆ ನಮಗೆ ಅಪ್ಪನಿಗಿಂತ ಒಂದು ಕೈ ಮೇಲೆ. ಮಾವ ಚಾವಡಿಗೆ ಬಂದರೆ ನಾವು ಕಾಲ ಮೇಲೆ ಹಾಕಿದ ಕಾಲು ಇಳಿಸುತ್ತೇವೆ. ಅವರು ಕೋಣೆಯಲ್ಲಿದ್ದರೆ ಅಂಗಳದಲ್ಲಿ ನಿಂತು ಕರೆಯುವುದಿಲ್ಲ, ಹತ್ತಿರ ಹೋಗಿ ಹೇಳುತ್ತೇವೆ. ಹಾಗೆ ಬೆಳೆದ ಗಂಟಲು ನನ್ನದು.

ಆಮೇಲೆ ಸಂಜೆ ಸಂಜೆ ಶ್ರುತಿ ನನ್ನನ್ನು ಖಾಲಿ ಮೈದಾನಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಅವಳು ದೂರ ನಿಂತು, "ಕೂಗಿ! ಎಂತ, ಊಟಕ್ಕೆ ಕರೀತಿದ್ದೀರಾ?" ಎಂದು ರೇಗಿಸುತ್ತಿದ್ದಳು. ನಾಯಿ ಹಿಡಿದುಕೊಂಡು ಬರುವವರೆಲ್ಲ ತಿರುಗಿ ನೋಡುತ್ತಿದ್ದರು. ನಾಚಿಕೆ ಬಿಟ್ಟು ಕೂಗಿದೆ. ಎಷ್ಟು ಕೂಗಿದೆನೆಂದರೆ ಕೊನೆಗೆ ಯೋಚಿಸದೆಯೇ ಬಾಯಿ ತಾನಾಗಿ ತೆರೆಯುತ್ತಿತ್ತು. ಎರಡನೇ ಸಲ ಪಾಸಾದೆ. ಅದನ್ನು ಕೇಳಿ ಮಾವ ಊರೆಲ್ಲ ಹೇಳಿಕೊಂಡು ಬಂದರಂತೆ. ನಕ್ಕವರೇ ಈಗ ನನ್ನನ್ನು ಮರದ ಡಾಕ್ಟರ್ ಎಂದು ಕರೆಯತೊಡಗಿದರು.

ಮದುವೆಯ ಚಪ್ಪರ ಹಾಕಲು ಮನೆಯಂಗಳದ ಮಾವಿನ ಮರದ ಒಂದು ಕೊಂಬೆ ಅಡ್ಡವಾಗುತ್ತಿತ್ತು. ದಪ್ಪ ಕೊಂಬೆ, ಅರ್ಧ ಒಣಗಿತ್ತು. "ಬೇರೆಯವರನ್ನು ಎಂತಕ್ಕೆ ಕರೆಯುವುದು? ನಮ್ಮಲ್ಲೇ ಡಾಕ್ಟರ್ ಇದ್ದಾನಲ್ಲ," ಎಂದರು ಮಾವ. ಅಷ್ಟೇ ಅಲ್ಲ, ಆ ಬೆಳಗ್ಗೆ ತಿಂಡಿಗೆ ಬರಲಿದ್ದ ಬೀಗರಿಗೆ ನನ್ನ ಕೆಲಸ ತೋರಿಸಬೇಕೆಂದು ಅವರ ಆಸೆ. ನನಗೂ ಒಳಗೊಳಗೇ ಖುಷಿ. ಮಾವನ ಕೌಂಟರಿನಲ್ಲಿ ಚಿಲ್ಲರೆ ಕೊಡುತ್ತಿದ್ದವನು ಇವತ್ತು ಅವರ ಮರ್ಯಾದೆ ಹೆಚ್ಚಿಸುತ್ತೇನೆ ಎಂದುಕೊಂಡೆ.

ಮರದ ಸುತ್ತ ಹಗ್ಗ ಕಟ್ಟಿ ಯಾರೂ ಒಳಗೆ ಬರದಂತೆ ಮಾಡಿದೆ. ಕಾವಲಿಗೆ ಸದಾನಂದಣ್ಣನನ್ನು ನಿಲ್ಲಿಸಿದೆ. ಅವರು ಮಾವನ ಹೋಟೆಲಿನಲ್ಲಿ ತಲೆ ನರೆಯುವವರೆಗೆ ದುಡಿದವರು. "ಯಾರೇ ಬಂದ್ರೂ ಬಿಡ್ಬೇಡಿ ಆಯ್ತಾ?" ಎಂದೆ. "ನೀವು ಹತ್ತಿ, ನಾನಿದ್ದೇನೆ," ಎಂದರು.

ಮೇಲೆ ಹೋಗಿ ಕೂತು ಕತ್ತರಿಸಲು ಶುರು ಮಾಡಿದೆ. ಅಷ್ಟರಲ್ಲಿ ಬೀಗರ ಕಾರು ಬಂತು. ಮಾವ ಬಿಳಿ ಪಂಚೆ, ಹೊಸ ಶರ್ಟಿನಲ್ಲಿ ಅವರನ್ನು ಎದುರುಗೊಂಡು ಮರದ ಕಡೆಗೇ ಕರೆತಂದರು. ಕೈ ಮೇಲೆ ಮಾಡಿ ತೋರಿಸುತ್ತಾ ಏನೇನೋ ವಿವರಿಸುತ್ತಿದ್ದರು. ಕೊಂಬೆ ಮುಕ್ಕಾಲು ಪಾಲು ತುಂಡಾಗಿತ್ತು. ನಾನು ಯಂತ್ರ ನಿಲ್ಲಿಸಿ ಕೊನೆಯ ಸಲ ಕೆಳಗೆ ನೋಡಬೇಕು ಎನ್ನುವಾಗ ಒಳಗಿನಿಂದ ಚಟ್ ಎಂದಿತು. ನಾನೆಣಿಸಿದ್ದಕ್ಕಿಂತ ಹೆಚ್ಚು ಒಣಗಿತ್ತು ಅದು. ನೋಡುತ್ತೇನೆ, ಮಾವ ಹಗ್ಗ ಎತ್ತಿ ಒಳಗೆ ಬಂದುಬಿಟ್ಟಿದ್ದಾರೆ. ಬೀಗರಿಗೆ ಸರಿಯಾಗಿ ತೋರಿಸಲು ಕೊಂಬೆಯ ನೇರ ಕೆಳಗೇ ನಿಂತಿದ್ದಾರೆ. ಸದಾನಂದಣ್ಣ ಕೈಕೈ ಹಿಸುಕಿಕೊಂಡು ನಿಂತಿದ್ದಾರೆ. ಧಣಿಗೆ ಅಡ್ಡ ಹೋಗಲು ಅವರಿಗೆ ಬಾಯಿ ಬರಲಿಲ್ಲ.

ನನ್ನ ಬಾಯಿ ತಾನಾಗಿ ತೆರೆಯಿತು. "ಏಯ್! ಸಾಯ್ಲಿಕ್ಕುಂಟಾ ನಿಂಗೆ? ಓಡು ಅಲ್ಲಿಂದ!"

ಮಾವ ಬೆಚ್ಚಿ ಹಿಂದಕ್ಕೆ ಹಾರಿದರು. ಪಂಚೆ ಕಾಲಿಗೆ ಸಿಕ್ಕಿ ಮಣ್ಣಿನಲ್ಲಿ ಅಂಗಾತ ಬಿದ್ದರು. ಅವರು ನಿಂತಿದ್ದ ಜಾಗಕ್ಕೆ ಸರಿಯಾಗಿ ಕೊಂಬೆ ಬಂದು ಅಪ್ಪಳಿಸಿತು. ಆಮೇಲೆ, ಗಂಡಾಂತರ ಕಳೆಯಿತಲ್ಲ ಎಂಬ ಸಮಾಧಾನಕ್ಕೋ ಏನೋ, ಗಂಡಿನ ಅಪ್ಪ ಜೋರಾಗಿ ನಕ್ಕುಬಿಟ್ಟರು. "ನಿಮ್ಮ ಅಳಿಯ ಒಳ್ಳೆ ಜೋರುಂಟಲ್ಲ ಶೆಟ್ರೇ! ಮಾವನನ್ನೇ ಓಡಿಸಿದ!" ಎಂದರು. ಹಿಂದಿದ್ದವರೂ ನಕ್ಕರು. ಮಾವ ಎದ್ದು ಪಂಚೆ ಕೊಡವಿಕೊಂಡರು. ಮೇಲೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ಕೆಲಸ ಮುಗ್ಸಿ ಇಳಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಇಳಿದವನು ನೇರ ಹೋಗಿ ಅವರ ಕಾಲಿಗೆ ಬಿದ್ದೆ. "ಮಾವ, ನನಗೆ ಗೊತ್ತಿಲ್ಲದೆ ಬಂತು," ಎಂದೆ. "ಇರ್ಲಿ ಇರ್ಲಿ. ನೀನು ಮಾಡಿದ್ದು ಸರಿಯೇ. ನಾನು ಹೋಗ್ಬಾರದಿತ್ತು," ಎಂದರು. ತಲೆ ಮುಟ್ಟಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ರಾತ್ರಿ ಮನೆಗೆ ಹೋದಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಜೀವ ಉಳಿಸಿದೆ, ಅದು ದೇವರ ದಯೆ. ಆದ್ರೆ ಮದುವೆ ಮನೆಯಲ್ಲಿ, ಬೀಗರ ಎದುರು, ಸದಾನಂದನ ಬಾಯಲ್ಲೂ ಬಾರದ ಮಾತು ನಿನ್ನ ಬಾಯಲ್ಲಿ ಬಂತಲ್ಲ ಮಗಾ."

ಮದುವೆ ಸಾಂಗವಾಗಿ ನಡೆಯಿತು. ನಾನು ಹಿಂದಿರುಗಿದೆ. ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಫೋನ್ ಮಾಡಿದರೆ ಮಾವ ಎತ್ತುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ, ಶ್ರುತಿಯನ್ನು ಕೇಳುತ್ತಾರೆ, ಇಡುತ್ತಾರೆ. ಮರದ ಡಾಕ್ಟರ್ ಎಂಬ ಹೆಸರು ಮಾತ್ರ ಆಮೇಲೆ ಅವರ ಬಾಯಲ್ಲಿ ಬರಲೇ ಇಲ್ಲ.

ಬಹಳ ಸಲ ಯೋಚಿಸಿದ್ದೇನೆ. ಮತ್ತೊಮ್ಮೆ ಹಾಗೆಯೇ ಆದರೆ ನಾನು ಕೂಗದೆ ಇರುತ್ತೇನಾ? ಇರಲಾರೆ. ಕೂಗಿದ್ದಕ್ಕೆ ನನಗೆ ಬೇಸರವಿಲ್ಲ. "ಮಾವಾ" ಎಂದು ಕೂಗಿದ್ದರೂ ಅವರು ಹಾರುತ್ತಿದ್ದರು. ಅದೊಂದು ಶಬ್ದ ಯಾಕೆ ಬರಲಿಲ್ಲ ಎಂಬುದೇ ನನ್ನ ಸಂಕಟ. ಖಾಲಿ ಮೈದಾನದಲ್ಲಿ ಅಷ್ಟೊಂದು ಕೂಗಿ ಕಲಿಯುವಾಗ ಮಾವನನ್ನು ಹೇಗೆ ಕೂಗಬೇಕೆಂದು ನಾನು ಕಲಿಯಲೇ ಇಲ್ಲ.

ಕಳೆದ ರಜೆಯಲ್ಲಿ ಹೋದಾಗ ಕದ್ರಿಯ ಮನೆಯ ಮಾವಿನ ಮರದಲ್ಲಿ ಯಾರೋ ಕತ್ತಿ ಹಿಡಿದು ಕೂತಿದ್ದರು. ಮಳೆಗೆ ಮೊದಲು ಕೊಂಬೆ ಸವರಲು ಮಾವ ಕಾವೂರಿನಿಂದ ಆಳು ಕರೆಸಿದ್ದರಂತೆ. ನಾನು ಬರುವುದು ಅವರಿಗೆ ಗೊತ್ತಿತ್ತು. ಮೊದಲೆಲ್ಲ ನಾನು ಹಿಂಬಾಗಿಲಿನಿಂದ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತುತ್ತಿದ್ದವನು. ಅಂದು ಮಾವ ಎದುರಿನ ಸೋಫಾ ತೋರಿಸಿ, "ಕೂತ್ಕೋ, ಪ್ರಯಾಣ ಮಾಡಿ ಬಂದದ್ದು," ಎಂದರು. ಬಂದವರಿಗೆ ಕೊಡುವ ಕಪ್ಪಿನಲ್ಲಿ ಚಹಾ ಬಂತು, ಪ್ಲೇಟಿನಲ್ಲಿ ಬಿಸ್ಕತ್ತು ಬಂತು. ಮಾವ ಅಂಗಳಕ್ಕೆ ಹೋಗಿ ಗೇಟಿನ ಹತ್ತಿರ, ಮರದಿಂದ ಬಹಳ ದೂರದಲ್ಲಿ ನಿಂತರು. ಕೊಂಬೆ ಬಿದ್ದ ಸದ್ದು ಕೇಳಿಸಿತು. ನಾನು ಕಪ್ಪು ಹಿಡಿದುಕೊಂಡು ಕೂತೇ ಇದ್ದೆ. ಬಂದು ನೋಡು ಎಂದು ಅವರು ಕರೆಯಲಿಲ್ಲ.