ಅಕ್ಕನ ಹೊಲಕ್ಕೆ ಬಂದ ಜೇಕು

ಮೊನ್ನೆ ರಾಯದುರ್ಗದ ಗ್ರಂಧಿಗೆ ಅಂಗಡಿಯಲ್ಲಿ ಸೀಗೆಪುಡಿ ಕಟ್ಟಿಸುವಾಗ ಒಂದು ಮಣ್ಣುವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು ಪುಡಿಗೆ ಒಣಗಿದ ಕೊನ್ನಾರಿಗಡ್ಡೆ ಬೆರೆಸುತ್ತಿದ್ದರು. "ತಲೀಗೆ ಭಾಳ ತಂಪು ರೀ" ಅಂದರು. ನಾನು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದೆ. ಅದು ಜೇಕಿನ ಹುಲ್ಲಿನ ಗಡ್ಡೆಯೆಂದು ನಿಮಗೂ ಗೊತ್ತಿರಬಹುದು. ಇಂಥ ಪರಿಮಳಕ್ಕೆ ಬೆಚ್ಚಿಬೀಳುವವನು ನಾನೊಬ್ಬನೇ ಇರಬೇಕು.

ನಾನು ಹೊಲಿಗೆಯವನು. ಹೊಲದ ಬಗ್ಗೆ ನನ್ನ ತಿಳಿವಳಿಕೆ ಊಟದ ತಟ್ಟೆಯಿಂದ ಆಚೆಗೆ ಹೋದದ್ದಿಲ್ಲ. ಅಕ್ಕನನ್ನು ಅಗಳಿ ಕಡೆ ಕೊಟ್ಟಿದ್ದೆವು. ಭಾವ ಹೊಲವನ್ನು ಅಂಗಳದಂತೆ ಇಟ್ಟುಕೊಂಡವರು. ಒಂದು ವರ್ಷ ಹೊಲಕ್ಕೆ ಕೆರೆಯ ಗೋಡುಮಣ್ಣು ಹೊಡೆಸಿದ ಮೇಲೆ ಬಾವಿಯ ಮೂಲೆಯಲ್ಲಿ ಹೊಸ ಹುಲ್ಲು ಕಾಣಿಸಿತು. ಗರಿಕೆಯೇ ಎಂದು ನಾನು ಕೇಳಿದ್ದಕ್ಕೆ ಭಾವ ಹೂಬಿಟ್ಟ ದಂಟೊಂದನ್ನು ಕಿತ್ತು ನನ್ನ ಬೆರಳ ಸಂದಿಗಿಟ್ಟರು. "ಉಳ್ಳಾಡ್ಸಿ ನೋಡು, ಮೂರು ಮೂಲೆ ಐತೆ. ಜೇಕು ಕಣಯ್ಯ ಇದು."

ಟೊಮ್ಯಾಟೊ ನೆಡುವ ಮೊದಲು ಇಡೀ ಹೊಲಕ್ಕೆ ರೋಟವೇಟರ್ ಹೊಡೆಸಿದರು. ಹುಲ್ಲು ಬುಡಸಮೇತ ಪುಡಿಯಾಯಿತೆಂದು ಅಕ್ಕನೂ ಹಿಗ್ಗಿದಳು. ನಾನಂತೂ ಬದುವಿನ ಮೇಲೆ ನಿಂತು ಫೋಟೊ ತೆಗೆದುಕೊಂಡೆ. ಮಣ್ಣು ರವೆಯ ಹಾಗಿತ್ತು. ಮೇಲೆ ಕರಿ ಪ್ಲಾಸ್ಟಿಕ್ ಶೀಟು ಹಾಸಿ ಸಸಿ ನೆಟ್ಟರು.

ಮಳೆ ಬಿದ್ದ ಮೇಲೆ ಅಕ್ಕ ಫೋನು ಮಾಡಿ "ಬಾರೋ" ಅಂದಳು. ಅಷ್ಟೇ. ಹೋಗಿ ನೋಡಿದರೆ ಶೀಟಿನ ಉದ್ದಕ್ಕೂ ಯಾರೋ ಹಸಿರು ಸೂಜಿ ಚುಚ್ಚಿಟ್ಟ ಹಾಗಿದೆ! ಜೀವಮಾನವೆಲ್ಲ ಸೂಜಿ ಹಿಡಿದ ನಾನೂ ಅಷ್ಟು ಸೂಜಿ ಒಟ್ಟಿಗೆ ಕಂಡಿರಲಿಲ್ಲ.

"ಪ್ಲಾಸ್ಟಿಕ್ಕು ತೂರಿಕೊಂಡು ಬಂದೈತಲ್ಲೋ!" ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಭಾವ ಶೀಟು ಸರಿಸಿ ಅಗೆದರು. ಅಗೆದಲ್ಲೆಲ್ಲ ಹುಣಸೆಬೀಜದಷ್ಟು ಕಪ್ಪು ಗಡ್ಡೆಗಳು. ಸರದಂತೆ ಕೂಡಿಕೊಂಡಿದ್ದವನ್ನು ಯಂತ್ರ ತುಂಡರಿಸಿ ಮೂಲೆಮೂಲೆಗೂ ಹರಡಿತ್ತು. ತುಂಡು ತುಂಡಿಗೂ ಮೊಳಕೆ.

"ನಾವೇ ಬಿತ್ತಿದ್ದೀವಿ ಕಣೇ" ಎಂದು ಭಾವ ಒಂದು ತುಂಡನ್ನು ಅಕ್ಕನ ಅಂಗೈಗಿಟ್ಟರು.

ಸಸಿಗಳನ್ನು ಕಿತ್ತರು. ಬೇಸಿಗೆಯಲ್ಲಿ ಆಳಕ್ಕೆ ಉತ್ತು, ಗಡ್ಡೆ ಆರಿಸಿ ಬಂಡೆಯ ಮೇಲೆ ಒಣಗಿಸಿದರು. ಮಳೆಗಾಲಕ್ಕೆ ನೆಲ ಕಾಣದಂತೆ ಅಲಸಂದೆ ಚೆಲ್ಲಿದರು. ತಲೆಯೆತ್ತಿದ ಜೇಕನ್ನು ಗರಿ ಬಿಚ್ಚುವ ಮೊದಲೇ ಗಡ್ಡೆಸಮೇತ ಕೀಳಬೇಕು. ವರ್ಷ ವರ್ಷವೂ ಅದೇ ಕೆಲಸ. ನಗುನಗುತ್ತಿದ್ದ ಭಾವ ಊಟಕ್ಕೆ ಕೂತರೂ ಹೊಲದ ಕಡೆಗೇ ನೋಡುವರು. ಕೊನೆಗೊಂದು ದಿನ ಅಕ್ಕನಿಗೆ ತಡೆಯಲಾಗಲಿಲ್ಲ. "ಹುಲ್ಲು ಬಂದಿದ್ದಕ್ಕೆ ನನ್ ಕೂಡ ಯಾಕ ಮಾತು ಬಿಟ್ಟೀರಿ? ನಾನೂ ನಿಮ್ ಜೊತಿಗೇ ಕೀಳ್ತಿಲ್ಲೇನ್ರಿ?" ಎಂದು ಅತ್ತಳು. ಮರುದಿನದಿಂದ ಒಬ್ಬರ ಸಾಲಿನ ಪಕ್ಕ ಇನ್ನೊಬ್ಬರು ಕೂತು ಕಿತ್ತರಂತೆ.

ನಿನ್ನೆ ಹೋಗಿದ್ದೆ. ಹೊಲದ ತುಂಬ ಟೊಮ್ಯಾಟೊ ಕೆಂಪಗೆ ತೂಗುತ್ತಿತ್ತು. ಮಾತಾಡುತ್ತಿದ್ದ ಭಾವ ಥಟ್ಟನೆ ಕುಕ್ಕರಿಸಿ, ಮಣ್ಣಿಗೆ ಬೆರಳಿಳಿಸಿ ಏನನ್ನೋ ಎಳೆದರು.

"ಗಡ್ಡೆ ಬಂತೇನ್ರಿ?" ಆಚೆ ಸಾಲಿನಿಂದ ಅಕ್ಕ ಕೂಗಿದಳು.

"ಬಂತು ಕಣೇ, ಇಡಿಯಾಗಿ!" ಭಾವ ಮಗುವಿನ ಹಾಗೆ ನಕ್ಕರು.

"ಇನ್ನೂ ಐತೇನ್ರಿ ಭಾವ?" ನಾನು ಕೇಳಿದೆ.

"ಐತಪ್ಪ. ನೀನೂ ಬಾ, ಆ ಸಾಲು ಹಿಡಿ."

ನಾನು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕುಳಿತೆ.