ಹಲ್ಲು ಬರುವವರೆಗೆ

ನಮ್ಮ ಚಿಕ್ಕಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಅವರ ಅತ್ತೆಯ ಮಂಚ. ಅತ್ತೆ ಹಾಸಿಗೆ ಹಿಡಿದು ಒಂಬತ್ತು ವರ್ಷವಾಯಿತು. ಅಲ್ಲಿಂದೀಚೆಗೆ ಚಿಕ್ಕಮ್ಮ ಒಂದು ದಿನವೂ ಊರು ಬಿಟ್ಟು ಹೋದವರಲ್ಲ.

ಈ ಸಲ ತಂಗಿಯ ಮನೆಗೆ ಎರಡು ದಿನ ಹೋಗಿಬರಲು ಚೀಲ ತುಂಬಿಟ್ಟಿದ್ದರು. ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಒಪ್ಪಿದ್ದಳು. ಆದರೆ ಬೆಕ್ಕೆಂದರೆ ಆಕೆ ಮಾರು ದೂರ. ಚಿಕ್ಕಮ್ಮನ ಚಿಂದಿ ಬಟ್ಟೆಯ ಬುಟ್ಟಿಯಲ್ಲಿ ತಾಯಿಯಿಲ್ಲದ ಮೂರು ಬೆಕ್ಕಿನ ಮರಿಗಳಿದ್ದವು. ಅವಕ್ಕೆ ಎರಡು ದಿನದ ಆಹಾರ ತರಲು ಚಿಕ್ಕಮ್ಮ ಅಂಗಡಿಗೆ ಹೋದರು.

“ಮೆತ್ತಗಿರೋದು ಪ್ಯಾಕೆಟ್ ಒಡೆದ್ರೆ ಬೇಗ ಕೆಡುತ್ತೆ, ಹೊತ್ತುಹೊತ್ತಿಗೆ ನೀವೇ ಹಾಕ್ಬೇಕು. ಒಣದಾದ್ರೆ ತಟ್ಟೆಗೆ ಸುರಿದು ಹೋಗ್ತಾ ಇರಿ, ಅಕ್ಕಾ,” ಎಂದ ಅಂಗಡಿಯವನು. ಚಿಕ್ಕಮ್ಮ ಎರಡನೇ ಮಾತಿಲ್ಲದೆ ಒಣದನ್ನೇ ತಂದರು.

ಮರಿಗಳು ಆ ಒಣ ಆಹಾರದ ಗಟ್ಟಿ ಕಾಳುಗಳನ್ನು ನೆಕ್ಕಿದವು, ಕಚ್ಚಲು ನೋಡಿದವು. ಕಾಳುಗಳು ಉರುಳಿ ಯಂತ್ರದ ಪೆಡಲಿನ ಕೆಳಗೆ ಸೇರಿದವು. ಸಂಜೆಯಾದರೂ ತಟ್ಟೆ ಖಾಲಿಯಾಗಲಿಲ್ಲ. ಎಲ್ಲಕ್ಕಿಂತ ಚಿಕ್ಕ ಮರಿ ಕೂಗುವುದನ್ನೂ ಬಿಟ್ಟಿತ್ತು.

ಚಿಕ್ಕಮ್ಮ ಬಿಸಿನೀರಿನಲ್ಲಿ ಕಾಳು ನೆನೆಸಿ, ಬೆರಳಿನಿಂದ ಹಿಸುಕಿ ಮುಂದಿಟ್ಟರು. ಮರಿಗಳು ಮುಖವೆಲ್ಲ ಮೆತ್ತಿಕೊಂಡು ತಿಂದವು. ಉಳಿದ ಬಿಸಿನೀರಿನಲ್ಲಿ ಅತ್ತೆಗೆ ಬಿಸ್ಕತ್ತು ನೆನೆಸಿದರು. ಆಮೇಲೆ ತಂಗಿಗೆ ಫೋನ್ ಮಾಡಿ, “ಈ ಸಲ ಆಗಲ್ಲ ಕಣೇ. ಇವಕ್ಕೆ ನಾನೇ ನೆನೆಸಿ ಹಾಕ್ಬೇಕು. ಹಲ್ಲು ಗಟ್ಟಿಯಾಗಿ ಬರ್ಲಿ, ಆಮೇಲೆ ಬರ್ತೀನಿ,” ಎಂದರು.

ಅತ್ತೆ ಮಂಚದ ಮೇಲಿಂದಲೇ ಬೊಚ್ಚುಬಾಯಿ ತೆರೆದು ನಕ್ಕರು. “ಅವಕ್ಕೆ ತಿಂಗಳಲ್ಲಿ ಬರುತ್ತೆ ಬಿಡೇ. ನನಗೆ ಯಾವಾಗ ಬರುತ್ತೆ, ಅದನ್ನ ಹೇಳು!”

ಚಿಕ್ಕಮ್ಮನೂ ನಕ್ಕರು. ಚೀಲದಲ್ಲಿದ್ದ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿಟ್ಟು, ಬಿಸ್ಕತ್ತಿನ ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕುಳಿತರು.