ಸೀಮಂತದ ಪೆಟ್ಟಿಗೆಯಲ್ಲಿ ಟೈರಿನ ಚೈನು

ಫ್ರೀಜರಿನಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಹಿಮ ಕಂಡವಳಲ್ಲ. ಅಂಥವಳು ಕಳೆದ ಡಿಸೆಂಬರಿನ ಬಿಸಿಲಲ್ಲಿ ಸ್ಕೂಟರ್ ಹತ್ತಿ, ಹಿಮದ ದಾರಿಯಲ್ಲಿ ಕಾರಿನ ಟೈರಿಗೆ ಕಟ್ಟುವ ಚೈನು ಹುಡುಕಿಕೊಂಡು ಅಲೆದೆ. ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಅಳಿಯನಿಗೆ ಹಿಮಾಚಲದ ಬೆಟ್ಟದ ಮೇಲೆ ವಿದ್ಯುತ್ ಯೋಜನೆಯೊಂದರಲ್ಲಿ ಕೆಲಸ, ಆಸ್ಪತ್ರೆ ಇರುವುದು ಬೆಟ್ಟದ ಕೆಳಗೆ. ಹಿಮ ಬಿದ್ದರೆ ಚೈನಿಲ್ಲದೆ ಕಾರು ಇಳಿಯುವುದಿಲ್ಲ ಎಂದು ಕೇಳಿದ ದಿನದಿಂದ ನನಗೆ ಅದೇ ಚಿಂತೆ.

ಬನಶಂಕರಿಯ ಟೈರ್ ಅಂಗಡಿಯವನು ನಕ್ಕ. "ಮೇಡಂ, ನಮ್ಮೂರ್ ಮಳೆಗೆ ದೋಣಿ ಕೇಳಿ, ಹೆಂಗಾದ್ರೂ ತರಿಸ್ತೀನಿ. ಸ್ನೋ ಚೈನ್ ಎಲ್ಲಿಂದ ತರ್ಲಿ?"

ಜೆ.ಪಿ. ನಗರದಲ್ಲಿ ಕಾರಿನ ಸಾಮಾನು ಮಾರುವವನು ಮಾತ್ರ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕಬ್ಬಿಣದ್ದೊಂದು, ಪ್ಲಾಸ್ಟಿಕ್ ಪಟ್ಟಿಯದೊಂದು, ಬಟ್ಟೆಯದೊಂದು. "ಆಂಟಿ, ಬಟ್ಟೆದು ತಗೊಳ್ಳಿ. ಟೈರಿಗೆ ಸಾಕ್ಸ್ ಥರ ಹಾಕಿದ್ರೆ ಮುಗೀತು."

ನನಗೆ ರೇಗಿಹೋಯಿತು. "ಏನ್ರೀ, ಬಸುರಿ ಹೆಂಗಸು ಕೂರೋ ಕಾರಿಗೆ ಬಟ್ಟೆ ಸುತ್ತಿ ಕಳಿಸ್ಲಾ? ಕಬ್ಬಿಣದ್ದೇ ತರಿಸಿ."

ಯಾವ ಕಾರು ಎಂದ. ಹೇಳಿದೆ. ಆ ಕಾರಿನ ಅಳತೆಗೆ ಚೈನು ತರಿಸಿಕೊಟ್ಟ.

ಮಡಿಲು ತುಂಬುವ ಹಸಿರು ರೇಷ್ಮೆ ಸೀರೆ, ಹಸಿರು ಬಳೆ, ಕೊಬ್ಬರಿ, ಕೋಡುಬಳೆ ಎಲ್ಲದರ ಕೆಳಗೆ ಅದನ್ನಿಟ್ಟು ಒಂದೇ ಪೆಟ್ಟಿಗೆ ಮಾಡಿ ಪಾರ್ಸೆಲ್ ಕಳಿಸಿದೆ. ನಾನು ಸಂಕ್ರಾಂತಿ ಕಳೆದ ಮೇಲೆ ಹೋಗಿ ಆರತಿ ಮಾಡುವುದೆಂದಿತ್ತು.

"ಅತ್ತೆ, ಚೈನ್ ಒಂದ್ಸಲ ಹಾಕಿ ನೋಡ್ಬಿಡ್ತೀನಿ" ಎಂದು ಪೆಟ್ಟಿಗೆ ತಲುಪಿದ ದಿನ ಅಳಿಯ ಫೋನಿನಲ್ಲಿ ಕೇಳಿದ.

"ಧನುರ್ಮಾಸ ಕಣ್ರೀ. ಸೀಮಂತದ ಪೆಟ್ಟಿಗೆ ಈಗ ಬಿಚ್ಚಬಾರದು. ನಾನೇ ಬಂದು ಬಿಚ್ತೀನಿ" ಎಂದೆ. ಪಾಪ, ಪೆಟ್ಟಿಗೆಯನ್ನು ಹಾಗೇ ಇಟ್ಟ.

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ನಾಲ್ಕನೇ ಬ್ಲಾಕಿನ ಸಂತೆಯಲ್ಲಿ ಅವರೆಕಾಯಿ ಆರಿಸುತ್ತಿದ್ದೆ, ಫೋನ್ ಬಂತು. "ಅಮ್ಮಾ, ನೋವು ಬರ್ತಿದೆ" ಎಂದಳು ಮಗಳು. "ಹೊರಗೆಲ್ಲಾ ಹಿಮ. ಆಂಬ್ಯುಲೆನ್ಸ್ ಮೇಲಕ್ಕೆ ಹತ್ತಲ್ವಂತೆ."

ಇನ್ನೂ ದಿನ ತುಂಬಿಲ್ಲ! "ಪೆಟ್ಟಿಗೆ ಒಡೀರಿ!" ಎಂದು ಸಂತೆಯ ನಡುವೆ ಕಿರುಚಿದೆ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

ಸ್ವಲ್ಪ ಹೊತ್ತಿಗೆ ಅಳಿಯನ ದನಿ. "ಅತ್ತೆ, ಚೈನ್ ಕೂಡ್ತಾ ಇಲ್ಲ. ನಾಲ್ಕು ಬೆರಳು ಸಾಲ್ದು."

ಅಯ್ಯೋ ನನ್ನ ಕರ್ಮವೇ! ಆಗ ನೆನಪಾಯಿತು. ಪದ್ಮನಾಭನಗರದಲ್ಲಿದ್ದಾಗ ಬೀದಿಬೀದಿಗೂ ಇದ್ದ ರಸ್ತೆಯುಬ್ಬುಗಳಿಗೆ ಕಾರಿನ ತಳ ತಾಗುತ್ತದೆಂದು ಅವನು ಒಂದು ಸೈಜು ದೊಡ್ಡ ಟೈರು ಹಾಕಿಸಿದ್ದ. ಅದೇ ಕಾರು ಬೆಟ್ಟಕ್ಕೂ ಹೋಗಿತ್ತು. ಒಂದು ಸಲ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು, ಬದಲಿಸಲು ಬೇಕಾದಷ್ಟು ದಿನವಿತ್ತು.

"ಬೆಡ್‌ಶೀಟ್ ಸುತ್ತಿ ನೋಡ್ದೆ ಅತ್ತೆ, ಗೇಟ್ ದಾಟೋಷ್ಟ್ರಲ್ಲೇ ಚಿಂದಿ ಆಯ್ತು. ಏನ್ ಮಾಡ್ಲಿ ಹೇಳಿ." ಅವನು ಅಳುತ್ತಿದ್ದ. ಹಿಂದೆ ಮಗಳ ನರಳಾಟ.

ಜೆ.ಪಿ. ನಗರದವನ ಸಾಕ್ಸು ಕಣ್ಣ ಮುಂದೆ ಬಂತು. "ರೇಷ್ಮೆ ಗಟ್ಟಿ. ಸೀರೆ ಹರೀರಿ. ಹುರಿ ಮಾಡಿ ಮುಂದಿನ ಚಕ್ರದ ತೂತುಗಳಲ್ಲಿ ತೂರಿಸಿ ಟೈರಿಗೆ ಸುತ್ತಿ ಬಿಗೀರಿ."

"ಸೀಮಂತದ್ ಸೀರೆ, ಅತ್ತೆ..."

"ಹರೀರಿ ಅಂದ್ನಲ್ಲ!"

ಪರ್ರನೆ ಹರಿದ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಲೈನ್ ಸತ್ತಿತು.

ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಅವರೆಕಾಯಿ ಮಾರುವವಳು ನನ್ನನ್ನು ಗೋಣಿಯ ಮೇಲೆ ಕೂರಿಸಿ ನೀರು ಕೊಟ್ಟಳು. ನನ್ನ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಬಿಸಿಲು ನೆತ್ತಿ ದಾಟಿ ಹೋಯಿತು. ಮನೆಗೆ ಹೋಗದೆ ಅಲ್ಲೇ ಕೂತಿದ್ದೆ.

ಸಂಜೆಯ ಹೊತ್ತಿಗೆ ಫೋನ್ ಬಂತು, ಮಗಳದೇ ದನಿ. "ಅಮ್ಮಾ, ಹೆಣ್ಣು ಮಗು. ತುಂಬಾ ಸಣ್ಣದು, ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ. ಇನ್ನೂ ಏನೂ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು." ಮತ್ತೆ ಹೇಳಿದಳು. "ದಾರೀಲಿ ಬಿಚ್ಚಿ ಬಿಚ್ಚಿ ಕಟ್ಕೊಂಡು ಬಂದ್ವಿ. ನಿನ್ ಸೀರೆ ಒಂದ್ ಚೂರೂ ಉಳೀಲಿಲ್ಲಮ್ಮ."

"ಸೀರೆ ಹಾಳಾಗ್ಲಿ. ಮಗು ಅಳ್ತಾ? ಅದನ್ನ ಹೇಳು."

"ಅಳ್ತಮ್ಮ. ಜೋರಾಗೇ ಅಳ್ತು."

ಗೋಣಿಯ ಮೇಲೆ ಕೂತಲ್ಲೇ ನಾನೂ ಜೋರಾಗಿ ಅತ್ತುಬಿಟ್ಟೆ.